ಅಳದ ಮಗುವನ್ನು ಮೊದಲು ಹುಡುಕಿ

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದ ಮೇಲೆ, ನರ್ಸ್ ಕೆಲಸದ ಜೊತೆಗೆ ರಕ್ಷಣಾ ತಂಡಗಳಿಗೆ ತರಬೇತಿ ಕೊಡುವುದನ್ನೂ ನಾನು ಕೈಗೆತ್ತಿಕೊಂಡೆ. ಗಾಯಾಳುಗಳು ಹೆಚ್ಚಿದ್ದು ಕೈಗಳು ಕಡಿಮೆಯಿದ್ದಾಗ ಯಾರನ್ನು ಮೊದಲು ಸಾಗಿಸಬೇಕೆಂದು ವಿಂಗಡಿಸುವ ಟ್ರಯಾಜ್ ನನ್ನ ವಿಷಯ. ಅದರಲ್ಲೂ ಮಕ್ಕಳದು. ವಿಂಗಡಿಸಿದವರಿಗೆ ಬಣ್ಣದ ಪಟ್ಟಿ ಕಟ್ಟುತ್ತೇವೆ: ಕೆಂಪು ತಕ್ಷಣ ಸಾಗಿಸಬೇಕಾದವರಿಗೆ, ಹಳದಿ ಸ್ವಲ್ಪ ಕಾಯಬಲ್ಲವರಿಗೆ, ಹಸಿರು ನಡೆಯಬಲ್ಲವರಿಗೆ, ಕಪ್ಪು ಸತ್ತವರಿಗೆ ಅಥವಾ ಉಳಿಸಲಾಗದವರಿಗೆ.

ಮೊದಲ ಅಣಕು ಕಾರ್ಯಾಚರಣೆ ಒಂದು ಶಾಲೆಯ ಮೈದಾನದಲ್ಲಿ ನಡೆಯಿತು. ಹತ್ತು ಮಕ್ಕಳು ಹಣೆಗೆ ಕುಂಕುಮದ ನೀರು ಬಳಿದುಕೊಂಡು ಮಲಗಿದ್ದರು. ಎರಡು ಬಟ್ಟೆಯ ಬೊಂಬೆಗಳನ್ನೂ ಇಟ್ಟಿದ್ದೆ. ಅಗ್ನಿಶಾಮಕ ಸಿಬ್ಬಂದಿ, ಗೃಹರಕ್ಷಕರು, ಆಂಬುಲೆನ್ಸ್‌ನವರು ಎಲ್ಲರೂ ಜೋರಾಗಿ ಅಳುತ್ತಿದ್ದ ಮಕ್ಕಳ ಕಡೆಗೇ ಓಡಿದರು. ಕೊನೆಗೆ ನೋಡಿದರೆ ಹನ್ನೆರಡರಲ್ಲಿ ಒಂಬತ್ತಕ್ಕೆ ಕೆಂಪು ಪಟ್ಟಿ. "ಆಂಬುಲೆನ್ಸ್ ಎರಡೇ ಇವೆ, ಯಾರನ್ನು ಕಳಿಸುತ್ತೀರಿ?" ಎಂದು ಕೇಳಿದೆ. ಯಾರೂ ಬಾಯಿ ಬಿಡಲಿಲ್ಲ.

ಮರದ ಬುಡದಲ್ಲಿದ್ದ ಬೊಂಬೆಗೆ ಕಪ್ಪು ಪಟ್ಟಿ ಕಟ್ಟಿದ್ದರು. ಅದರ ತೋಳಿನೊಳಗೆ ಮಡಿಸಿಟ್ಟಿದ್ದ ಚೀಟಿಯನ್ನು ಯಾರೂ ತೆಗೆದು ನೋಡಿರಲಿಲ್ಲ: "ಉಸಿರಿಲ್ಲ. ನಾಡಿ ಇದೆ."

ನನ್ನ ಪಾಠವೆಲ್ಲ ಆ ಚೀಟಿಯಿಂದಲೇ ಶುರುವಾಗುತ್ತದೆ. ದೊಡ್ಡವರಲ್ಲಿ ಶ್ವಾಸಮಾರ್ಗ ತೆರೆದ ಮೇಲೂ ಉಸಿರು ಬಾರದಿದ್ದರೆ ಕಪ್ಪು ಪಟ್ಟಿ ಕಟ್ಟಿ ಮುಂದೆ ಹೋಗಬೇಕು. ಮಕ್ಕಳಲ್ಲಿ ಸಾಮಾನ್ಯವಾಗಿ ಉಸಿರು ಮೊದಲು ನಿಲ್ಲುತ್ತದೆ, ಹೃದಯ ಇನ್ನೂ ಸ್ವಲ್ಪ ಹೊತ್ತು ಮಿಡಿಯುತ್ತಿರುತ್ತದೆ. ಆ ಸ್ವಲ್ಪ ಹೊತ್ತಿಗಾಗಿಯೇ ಅಮೆರಿಕದ ಮಯಾಮಿಯ ಮಕ್ಕಳ ವೈದ್ಯೆ ಲೂ ರೋಮಿಗ್ 1995ರಲ್ಲಿ 'ಜಂಪ್‌ಸ್ಟಾರ್ಟ್' ವಿಧಾನ ರೂಪಿಸಿದರು. ನಾಡಿ ಸಿಕ್ಕರೆ ಐದು ಉಸಿರು ಕೊಡಬೇಕು. ಮಗು ತಾನಾಗಿ ಉಸಿರಾಡಿದರೆ ಕೆಂಪು, ಇಲ್ಲವಾದರೆ ಕಪ್ಪು. ಇದು ಸುಮಾರು ಒಂದರಿಂದ ಎಂಟು ವರ್ಷದವರಿಗೆ. ಆದರೆ ಕೆಸರಿನಲ್ಲಿ ವಯಸ್ಸು ವಿಚಾರಿಸುತ್ತಾ ಕೂರುವುದು ಬೇಡ, ಮಗುವಿನಂತೆ ಕಂಡರೆ ಮಗುವೆಂದೇ ತಿಳಿಯಿರಿ ಎನ್ನುತ್ತೇನೆ.

ಎರಡನೆಯ ತೊಡಕು ಉಸಿರಿನ ಎಣಿಕೆ. ನಿಮಿಷಕ್ಕೆ 30 ದಾಟಿದರೆ ದೊಡ್ಡವರಿಗೆ ಕೆಂಪು. ಮಕ್ಕಳಿಗೆ 15ಕ್ಕಿಂತ ಕಡಿಮೆ ಅಥವಾ 45ಕ್ಕಿಂತ ಹೆಚ್ಚಾದರೆ ಕೆಂಪು. ಎಷ್ಟು ಸಲ ಹೇಳಿದರೂ ತಲೆಯಲ್ಲಿ ನಿಲ್ಲದ್ದನ್ನು ಕಂಡು, ರಾತ್ರಿ ಮನೆಯಲ್ಲಿ ಮಲಗಿದ ಮಕ್ಕಳ ಉಸಿರನ್ನು ಎಣಿಸಿಕೊಂಡು ಬನ್ನಿ ಎಂದೆ. ಮರುದಿನ ಒಬ್ಬ ಗೃಹರಕ್ಷಕರು, "ಹತ್ತು ತಿಂಗಳ ಮಗಳು, 34 ಬಂತು ಸಿಸ್ಟರ್. ಗಾಬರಿಯಾಗಿ ಎಬ್ಬಿಸಿಯೇಬಿಟ್ಟೆ" ಎಂದರು. ಆ ಮೇಲೆ ಆ ತಂಡದಲ್ಲಿ ಯಾರೂ ಅಂಕಿ ತಪ್ಪಲಿಲ್ಲ.

ಪ್ರಜ್ಞೆ ಇದೆಯೇ ಎಂದು ನೋಡಲು "ಕೈ ಅದುಮು" ಎಂದರೆ ಹೆದರಿದ ಮಗು ಅದುಮುವುದಿಲ್ಲ. ಅದಕ್ಕೇ ಮಾತಿಗಿಂತ ಪ್ರತಿಕ್ರಿಯೆ ನೋಡಬೇಕು. ಉಸಿರು, ನಾಡಿ ಸರಿಯಿದ್ದು, ಚಿವುಟಿದಾಗ ನಮ್ಮ ಕೈಯನ್ನು ತಳ್ಳಿದರೆ ಹಳದಿ ಸಾಕು. ಇನ್ನು, ಹಸಿರು ಪಟ್ಟಿಯವರ ಜಾಗಕ್ಕೆ ಯಾರದೋ ಕಂಕುಳಲ್ಲಿ ಬಂದ ಕೂಸು ನಡೆದು ಬಂದದ್ದಲ್ಲ. ಅಲ್ಲಿ ಮೊದಲು ಪರೀಕ್ಷಿಸಬೇಕಾದದ್ದು ಅದನ್ನೇ.

ಇವೆಲ್ಲಕ್ಕಿಂತ ಕಷ್ಟ ಕಪ್ಪು ಪಟ್ಟಿ. ಅಗ್ನಿಶಾಮಕ ದಳದ ಹಿರಿಯರೊಬ್ಬರು, ಮೂರು ಮಕ್ಕಳ ತಂದೆ, ಎರಡನೆಯ ಬೊಂಬೆಗೆ ಕಪ್ಪು ಕಟ್ಟಿ, ಬಿಚ್ಚಿ, ಕೆಂಪು ಕಟ್ಟಿದರು. ಅದರ ಚೀಟಿಯಲ್ಲಿ ಉಸಿರೂ ಇಲ್ಲ, ನಾಡಿಯೂ ಇಲ್ಲ ಎಂದು ಬರೆದಿತ್ತು. ನಾನು ಗದರಲಿಲ್ಲ. ಅಂಥ ಹೊತ್ತಿನಲ್ಲಿ ನಿಯಮ ನೆನಪಿಸಿದರೆ ಸಾಲದು, ಬಾಯಿಗೊಂದು ಮಾತು ಬೇಕು. "ಉಸಿರು ನೋಡಿದೆ, ನಾಡಿ ನೋಡಿದೆ, ಮುಂದಿನ ಮಗುವಿನ ಬಳಿ ಹೋಗುತ್ತಿದ್ದೇನೆ" ಎಂದು ಗಟ್ಟಿಯಾಗಿ ಹೇಳಿಸಿದೆ. ಈಗ ಪ್ರತಿ ತಂಡಕ್ಕೂ ಹೇಳಿಸುತ್ತೇನೆ.

ಮೂರನೆಯ ಸುತ್ತಿನಲ್ಲಿ ಅವರು ಅದನ್ನು ಹೇಳಿ, ಕಪ್ಪು ಕಟ್ಟಿ, ಎದ್ದು ಹೋದರು. ಎಲ್ಲರಿಗೂ ಪಟ್ಟಿ ಕಟ್ಟಿಯಾದ ಮೇಲೆ ಮರಳಿ ಬಂದು ಬೊಂಬೆಯ ಪಕ್ಕ ಮಂಡಿಯೂರಿ, ಅದರ ತೋಳಿನಲ್ಲಿ ಇನ್ನೊಮ್ಮೆ ನಾಡಿ ಹುಡುಕಿದರು.