ಡಿಪ್ಲೊಮಾ ಬಂದರೆ ಸಾಲದು: ಎ-ಜಿ ಲೆಕ್ಕ ಹಾಕಿ, ಬಿಟ್ಟುಹೋದ ಕೋರ್ಸ್ ತುಂಬಿಸಿಕೊಳ್ಳುವುದು ಹೇಗೆ?

ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳನ್ನು ಹೈಸ್ಕೂಲಿಗೆ ಕಳಿಸುವ ನಮ್ಮವರು ಎಷ್ಟೋ ಜನ ಒಂದೇ ಕಡೆ ಎಡವುತ್ತಾರೆ. ಮಗ ಪಾಸಾಗುತ್ತಿದ್ದಾನೆ, ಡಿಪ್ಲೊಮಾ ಬರುತ್ತದೆ, ಇನ್ನೇನು ಯೂನಿವರ್ಸಿಟಿಗೆ ಅರ್ಜಿ ಹಾಕಿದರಾಯಿತು ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಮಗಳಿಗೆ ಸ್ಪ್ಯಾನಿಷ್‌ನಲ್ಲಿ ಡಿ, ಅಂದರೆ ಪಾಸಿನ ಕೊನೆಯ ಗ್ರೇಡು, ಬಂದಾಗ ಶಾಲೆಯಲ್ಲಿ ಕೇಳಿದೆ, ‘ಪಾಸಾಗಿದ್ದಾಳೆ, ಯೋಚನೆ ಬೇಡ’ ಅಂದರು. ಡಿಪ್ಲೊಮಾ ಮಟ್ಟಿಗೆ ಅದು ನಿಜ. ಆದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಅಂದರೆ ಯುಸಿ, ಡಿ ಗ್ರೇಡನ್ನು ಕೋರ್ಸ್ ಮುಗಿದ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇದನ್ನು ನಮಗೆ ಯಾರೂ ಹೇಳಲಿಲ್ಲ.

ಎರಡೂ ಪಟ್ಟಿಯನ್ನು ಪಕ್ಕಪಕ್ಕ ಇಟ್ಟು ನೋಡಿ. ಡಿಪ್ಲೊಮಾಗೆ ರಾಜ್ಯ ಕೇಳುವ ಕನಿಷ್ಠ ಅಂದರೆ ಇಂಗ್ಲಿಷ್ 3 ವರ್ಷ, ಗಣಿತ 2 ವರ್ಷ. ಯುಸಿ ಕೇಳುವುದು ಇಂಗ್ಲಿಷ್ 4, ಗಣಿತ 3. ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ ಅಥವಾ ಸಿಎಸ್‌ಯು ಕೇಳುವುದೂ ಅದನ್ನೇ. ಎಷ್ಟೋ ಶಾಲೆಗಳು ತಮ್ಮ ನಿಯಮವನ್ನೇ ಇದಕ್ಕೆ ಹೊಂದಿಸಿಕೊಂಡಿವೆ, ಆದರೆ ನಿಮ್ಮದು ಅಂಥದ್ದೇ ಅಂತ ಸುಮ್ನೆ ನಂಬಿ ಕೂರಬೇಡಿ.

ಮೊದಲು ಒಂದು ಹಾಳೆಯಲ್ಲಿ ಏಳು ಸಾಲು ಹಾಕಿಕೊಳ್ಳಿ

ಯುಸಿ, ಸಿಎಸ್‌ಯು ಪ್ರವೇಶಕ್ಕೆ ಬೇಕಾದ ಹೈಸ್ಕೂಲು ಕೋರ್ಸುಗಳ ಏಳು ವಿಭಾಗಕ್ಕೆ ಎ-ಜಿ ಅಂತ ಹೆಸರು. ಗ್ರೇಡಿನ ಎ, ಬಿ, ಸಿಗೂ ಇದಕ್ಕೂ ಸಂಬಂಧವಿಲ್ಲ, ಗೊಂದಲ ಮಾಡಿಕೊಳ್ಳಬೇಡಿ. ಎ ಅಂದರೆ ಇತಿಹಾಸ, 2 ವರ್ಷ. ಬಿ ಇಂಗ್ಲಿಷ್, 4 ವರ್ಷ. ಸಿ ಗಣಿತ, 3 ವರ್ಷ, 4 ಆದರೆ ಒಳ್ಳೆಯದು. ಡಿ ವಿಜ್ಞಾನ, 2 ವರ್ಷ, 3 ಆದರೆ ಒಳ್ಳೆಯದು. ಇ ಇಂಗ್ಲಿಷ್ ಅಲ್ಲದ ಒಂದು ಭಾಷೆ, 2 ವರ್ಷ. ಎಫ್ ಕಲೆ, 1 ವರ್ಷ. ಜಿ ಐಚ್ಛಿಕ, 1 ವರ್ಷ. ಒಟ್ಟು 15. ಇದರಲ್ಲಿ 11 ಕೋರ್ಸ್ 12ನೇ ತರಗತಿ ಶುರುವಾಗುವ ಮೊದಲೇ ಮುಗಿದಿರಬೇಕು ಅನ್ನುತ್ತದೆ ಯುಸಿ. ಹಾಗಾಗಿ ಕೊನೆಯ ವರ್ಷ ನೋಡಿಕೊಂಡರಾಯಿತು ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಈಗ ಮಗುವಿನ ಟ್ರಾನ್ಸ್‌ಕ್ರಿಪ್ಟ್, ಅಂದರೆ ಕೋರ್ಸು ಮತ್ತು ಗ್ರೇಡುಗಳ ಪಟ್ಟಿ, ತೆಗೆಯಿರಿ. ಒಂದೊಂದು ಕೋರ್ಸನ್ನೂ ಅದರ ಸಾಲಿಗೆ ಬರೆಯಿರಿ, ಆದರೆ ವರ್ಷದ ಲೆಕ್ಕದಲ್ಲಿ ಅಲ್ಲ, ಸೆಮಿಸ್ಟರ್ ಲೆಕ್ಕದಲ್ಲಿ. ಒಂದು ಸೆಮಿಸ್ಟರ್‌ನಲ್ಲಿ ಡಿ ಬಂದರೆ ಅರ್ಧ ವರ್ಷ ಖಾಲಿ ಅಂತ ಲೆಕ್ಕ. ಸಿ ಮೈನಸ್ ಬಂದಿದ್ದರೆ ಪರವಾಗಿಲ್ಲ, ಯುಸಿ ಅದನ್ನು ಸಿ ಅಂತಲೇ ನೋಡುತ್ತದೆ.

ಬರೆದ ಮೇಲೆ ಇನ್ನೊಂದು ಕೆಲಸ. ಯುಸಿಯ ಎ-ಜಿ ಕೋರ್ಸ್ ಪಟ್ಟಿ ಆನ್‌ಲೈನ್‌ನಲ್ಲಿದೆ, ಶಾಲೆಯ ಹೆಸರು ಹಾಕಿದರೆ ಆ ಶಾಲೆಯ ಯಾವ ಯಾವ ಕೋರ್ಸಿಗೆ ಮಾನ್ಯತೆ ಇದೆ ಅಂತ ತೋರಿಸುತ್ತದೆ. ಹೆಸರಲ್ಲಿ ‘ಗಣಿತ’ ಅಂತ ಇದ್ದ ಮಾತ್ರಕ್ಕೆ ಅದು ಪಟ್ಟಿಯಲ್ಲಿ ಇರಲೇಬೇಕು ಅಂತೇನಿಲ್ಲ. ಒಂದೊಂದನ್ನೂ ಹುಡುಕಿ ಟಿಕ್ ಹಾಕಿ. ಬೇಜಾರಿನ ಕೆಲಸ ನಿಜ, ಆದರೆ ಒಂದು ಸಂಜೆಯಲ್ಲಿ ಮುಗಿಯುತ್ತದೆ.

ಖಾಲಿ ಜಾಗ ಕಂಡರೆ ಏನು ಮಾಡುವುದು?

ಗಾಬರಿ ಬೇಡ. ಮೊದಲು ನೋಡಬೇಕಾದದ್ದು, ಅದು ತಾನಾಗಿಯೇ ತುಂಬಿಕೊಳ್ಳುತ್ತದಾ ಅಂತ. ಗಣಿತ ಮತ್ತು ಭಾಷೆಯಲ್ಲಿ ಮುಂದಿನ ಹಂತದಲ್ಲಿ ಸಿ ಅಥವಾ ಅದಕ್ಕಿಂತ ಮೇಲೆ ಬಂದರೆ ಹಿಂದಿನ ಹಂತದ ಡಿ ಸರಿಹೋಯಿತು ಅಂತ ಯುಸಿ ಒಪ್ಪುತ್ತದೆ. ನನ್ನ ಮಗಳಿಗೆ ಆದದ್ದು ಹೀಗೇ: ಸ್ಪ್ಯಾನಿಷ್ 1ರ ಎರಡನೇ ಸೆಮಿಸ್ಟರ್‌ನಲ್ಲಿ ಡಿ, ಮರುವರ್ಷ ಸ್ಪ್ಯಾನಿಷ್ 2ರಲ್ಲಿ ಬಿ, ಅಲ್ಲಿಗೆ ಇ ಸಾಲು ತುಂಬಿತು. ಆಲ್ಜೀಬ್ರಾ 1ರ ಡಿ ಕೂಡ ಆಲ್ಜೀಬ್ರಾ 2ರ ಸಿಯಿಂದ ಸರಿಹೋಗುತ್ತದೆ. ಆದರೆ ಜಾಮೆಟ್ರಿ ಓದೇ ಇಲ್ಲ ಅಂದರೆ ಅದನ್ನು ಯಾವ ಮೇಲಿನ ಕೋರ್ಸೂ ತುಂಬಿಸುವುದಿಲ್ಲ. ಜಾಮೆಟ್ರಿ ಓದಲೇಬೇಕು. ಇತಿಹಾಸ, ಇಂಗ್ಲಿಷ್‌ಗೂ ಈ ಅನುಕೂಲ ಇಲ್ಲ. ಅಲ್ಲಿ ಡಿ ಬಂದರೆ ಮತ್ತೆ ಓದಬೇಕು.

ಮತ್ತೆ ಓದುವುದಕ್ಕೆ ಬೇಸಿಗೆ ತರಗತಿ ಸುಲಭದ ದಾರಿ. ಇಲ್ಲೊಂದು ಎಚ್ಚರಿಕೆ. ಕ್ರೆಡಿಟ್ ರಿಕವರಿ, ಅಂದರೆ ಕಳೆದುಕೊಂಡ ಕ್ರೆಡಿಟ್ ಮತ್ತೆ ಗಳಿಸುವುದು, ಅಂತ ಕೊಡುವ ಕೆಲವು ಆನ್‌ಲೈನ್ ಕೋರ್ಸುಗಳಿಂದ ಡಿಪ್ಲೊಮಾ ಕ್ರೆಡಿಟ್ ಸಿಗುತ್ತದೆ, ಎ-ಜಿ ಮಾನ್ಯತೆ ಇರುವುದಿಲ್ಲ. ಸೇರುವ ಮೊದಲು ಕೌನ್ಸೆಲರ್ ಹತ್ತಿರ ‘ಇದು ಎ-ಜಿ ಕೋರ್ಸಾ?’ ಅಂತ ನೇರವಾಗಿ ಕೇಳಿ, ಉತ್ತರವನ್ನು ಇಮೇಲ್‌ನಲ್ಲೇ ತರಿಸಿಕೊಳ್ಳಿ. ಇನ್ನೊಂದು ಮಾತು: ಸಿ ಬಂದದ್ದನ್ನು ಬಿ ಮಾಡಿಕೊಳ್ಳೋಣ ಅಂತ ಮತ್ತೆ ಓದಿಸಿದರೆ ಯುಸಿ ಲೆಕ್ಕದಲ್ಲಿ ಏನೂ ಬದಲಾಗುವುದಿಲ್ಲ. ಡಿ, ಎಫ್‌ಗೆ ಮಾತ್ರ ಆ ಅವಕಾಶ.

ನನಗೆ ಎಲ್ಲಕ್ಕಿಂತ ಇಷ್ಟವಾದ ದಾರಿ ಕಮ್ಯುನಿಟಿ ಕಾಲೇಜು, ಅಂದರೆ ಊರೂರಲ್ಲಿರುವ ಎರಡು ವರ್ಷದ ಸರ್ಕಾರಿ ಕಾಲೇಜು. ಯುಸಿಗೆ ವರ್ಗಾವಣೆಯಾಗುವಂಥ, ಅಂದರೆ ಯುಸಿ ತನ್ನ ಲೆಕ್ಕಕ್ಕೆ ಒಪ್ಪುವಂಥ, 3 ಸೆಮಿಸ್ಟರ್ ಯೂನಿಟ್‌ನ (ಯೂನಿಟ್ ಅಂದರೆ ಕಾಲೇಜು ಕೋರ್ಸಿನ ಅಳತೆ) ಒಂದು ಕಾಲೇಜು ಕೋರ್ಸು ಹೈಸ್ಕೂಲಿನ ಇಡೀ ಒಂದು ವರ್ಷಕ್ಕೆ ಸಮ. ಹೈಸ್ಕೂಲಿನಲ್ಲಿ ಇರುವಾಗಲೇ ಒಂದೋ ಎರಡೋ ಕೋರ್ಸು ತೆಗೆದುಕೊಳ್ಳಬಹುದು. ಸಾಮಾನ್ಯ ವಿದ್ಯಾರ್ಥಿಗೆ ಯೂನಿಟ್‌ಗೆ 46 ಡಾಲರ್ ಇರುವ ಶುಲ್ಕವನ್ನು ಹೈಸ್ಕೂಲು ಮಕ್ಕಳಿಗೆ ಬಹಳ ಕಡೆ ಬಿಟ್ಟುಕೊಡುತ್ತಾರೆ. ಒಂದು ಬೇಸಿಗೆಯಲ್ಲಿ ಒಂದು ವರ್ಷದ ಕಲೆಯ ಸಾಲು ತುಂಬಿದರೆ ಎಷ್ಟು ನಿರಾಳ ಅಲ್ವಾ? ಆದರೆ ಅಲ್ಲಿನ ಗ್ರೇಡು ಶಾಶ್ವತವಾಗಿ ಕಾಲೇಜು ದಾಖಲೆಯಲ್ಲಿ ಉಳಿಯುತ್ತದೆ, ಸುಮ್ನೆ ಹೆಸರು ಬರೆಸಬೇಡಿ. ಎಪಿ, ಅಂದರೆ ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ಪರೀಕ್ಷೆಯಲ್ಲಿ 3 ಅಥವಾ ಹೆಚ್ಚು ಬಂದರೂ ಕೆಲವು ಸಾಲು ತುಂಬುತ್ತವೆ. ಸ್ಯಾಟ್ ಅನ್ನುವ ಪ್ರವೇಶ ಪರೀಕ್ಷೆಯ ಅಂಕವನ್ನು ಯಾರಿಗೆ ಸೀಟು ಅಂತ ತೀರ್ಮಾನಿಸುವಾಗ ಯುಸಿ ಈಗ ನೋಡುವುದಿಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳಿಗೆ

ಇದು ಬಹಳ ಜನಕ್ಕೆ ಗೊತ್ತಿಲ್ಲ. 7ನೇ ತರಗತಿ ಅಥವಾ ಅದರ ಮೇಲೆ ಎರಡು ವರ್ಷ ಇಂಗ್ಲಿಷ್ ಅಲ್ಲದ ಮಾಧ್ಯಮದಲ್ಲಿ ಓದಿದ್ದರೆ ಇ ಸಾಲು ಪೂರ್ತಿ ಮುಗಿದ ಹಾಗೆ. 7, 8ನೇ ತರಗತಿ ಕನ್ನಡ ಮಾಧ್ಯಮದಲ್ಲಿ ಓದಿ ಇಲ್ಲಿಗೆ ಬಂದ ಮಗು ಪ್ರವೇಶಕ್ಕಾಗಿ ಸ್ಪ್ಯಾನಿಷ್ ಕಲಿಯಲೇಬೇಕಿಲ್ಲ. ಮಾರ್ಕ್ಸ್ ಕಾರ್ಡ್ ಜೋಪಾನವಾಗಿಡಿ, ಕೌನ್ಸೆಲರ್‌ಗೆ ಮೊದಲ ಭೇಟಿಯಲ್ಲೇ ತೋರಿಸಿ. ನನಗಂತೂ ಈ ನಿಯಮ ಓದಿದ ದಿನ ತುಂಬಾ ಖುಷಿಯಾಯಿತು.

ಅಷ್ಟೆಲ್ಲ ಮಾಡಿಯೂ ಸಾಲು ತುಂಬದಿದ್ದರೆ?

ಕ್ಯಾಲಿಫೋರ್ನಿಯಾ ನಿವಾಸಿಗಳಿಗೆ ಎ-ಜಿ ಕೋರ್ಸುಗಳಲ್ಲಿ ಯುಸಿ ಕೇಳುವ ಜಿಪಿಎ, ಅಂದರೆ ಗ್ರೇಡುಗಳ ಸರಾಸರಿ, ಕನಿಷ್ಠ 3.0. ಅದು ಕೈಗೆ ಸಿಗದಿದ್ದರೂ, ಕೋರ್ಸ್ ಬಾಕಿ ಉಳಿದರೂ ಕಮ್ಯುನಿಟಿ ಕಾಲೇಜಿಗೆ ಸೇರಿ, 60 ಸೆಮಿಸ್ಟರ್ ಯೂನಿಟ್ ಮುಗಿಸಿ ಮೂರನೇ ವರ್ಷಕ್ಕೆ ವರ್ಗಾವಣೆಗೆ ಅರ್ಜಿ ಹಾಕಬಹುದು. ಆಗ ನೋಡುವುದು ಕಾಲೇಜಿನ ಕೋರ್ಸುಗಳನ್ನು, ಹೈಸ್ಕೂಲಿನ ಬಾಕಿಯನ್ನಲ್ಲ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂತಾ ಬಾರ್ಬರಾ, ಸಾಂತಾ ಕ್ರೂಜ್, ಯುಸಿಯ ಈ ಆರು ಕ್ಯಾಂಪಸ್‌ಗಳು ಷರತ್ತು ಪೂರೈಸಿದವರಿಗೆ ವರ್ಗಾವಣೆಯ ಖಾತ್ರಿಯನ್ನೂ ಕೊಡುತ್ತವೆ. ಇದನ್ನು ಎರಡನೇ ದರ್ಜೆ ದಾರಿ ಅಂತ ಮಕ್ಕಳ ಮುಂದೆ ದಯವಿಟ್ಟು ಹೇಳಬೇಡಿ. ಕೊನೆಗೆ ಸಿಗುವ ಪದವಿ ಒಂದೇ.

ಅರ್ಜಿ ಹಾಕಿದ ಮೇಲೂ ಹಾಳೆ ಎಸೆಯಬೇಡಿ. ಅರ್ಜಿಯಲ್ಲಿ ಗ್ರೇಡುಗಳನ್ನು ವಿದ್ಯಾರ್ಥಿಯೇ ತುಂಬುತ್ತಾನೆ, ಅಧಿಕೃತ ಟ್ರಾನ್ಸ್‌ಕ್ರಿಪ್ಟ್ ಹೋಗುವುದು ಸೀಟು ಸಿಕ್ಕಿದ ಮೇಲೆ. 12ನೇ ತರಗತಿಯ ಕೊನೆಯಲ್ಲಿ ಡಿ ಬಂದರೆ ಅಥವಾ ಅರ್ಜಿಯಲ್ಲಿ ಬರೆದ ಕೋರ್ಸನ್ನು ಮಧ್ಯದಲ್ಲಿ ಬಿಟ್ಟರೆ ಸಿಕ್ಕ ಸೀಟೂ ಹೋಗಬಹುದು. ಹಾಗೇನಾದರೂ ಆದರೆ ಅವರಾಗಿಯೇ ಪತ್ತೆ ಹಚ್ಚಲಿ ಅಂತ ಕಾಯದೆ, ಆ ವಾರವೇ ಕ್ಯಾಂಪಸ್‌ನ ಪ್ರವೇಶ ಕಚೇರಿಗೆ ನೀವೇ ತಿಳಿಸಿ, ಬೇಸಿಗೆಯಲ್ಲಿ ಆ ಕೋರ್ಸು ಮುಗಿಸಬಹುದಾ ಅಂತ ಕೇಳಿ.