ಬಾಲನಟಿ ನಿರ್ಮಾಪಕಿಯಾದ ಕಥೆಯನ್ನು ಬರೆಯುವ ಬಗೆ

ಬಾಲನಟಿಯಾಗಿ ಚಿತ್ರರಂಗಕ್ಕೆ ಬಂದು ಮುಂದೆ ನಿರ್ಮಾಪಕಿಯಾದವರ ವ್ಯಕ್ತಿಚಿತ್ರ ಬರೆಯಲು ಹೊರಟವರು ಸಾಮಾನ್ಯವಾಗಿ ಹುಟ್ಟಿದ ಊರಿನಿಂದ ತೊಡಗಿ ಪ್ರಶಸ್ತಿಗಳ ಪಟ್ಟಿಯಲ್ಲಿ ಮುಗಿಸುತ್ತಾರೆ. ನಡುವೆ ಒಂದು ಪತನ, ಒಂದು ಚೇತರಿಕೆ. ಅದರಲ್ಲಿ ಬಾಲನಟಿ ಸಿಗುತ್ತಾಳೆ, ನಿರ್ಮಾಪಕಿಯೂ ಸಿಗುತ್ತಾರೆ, ಆದರೆ ಒಬ್ಬರು ಇನ್ನೊಬ್ಬರಾದದ್ದು ಹೇಗೆಂಬುದು ಮಾತ್ರ ಸಿಗುವುದಿಲ್ಲ. ಅದನ್ನು ಹಿಡಿಯಬೇಕಾದರೆ ಪ್ರತಿ ಘಟ್ಟದಲ್ಲೂ ಒಂದೇ ಪ್ರಶ್ನೆ ಹಾಕಿಕೊಳ್ಳಬೇಕು: ಆಗ ತೀರ್ಮಾನ ಯಾರ ಕೈಯಲ್ಲಿತ್ತು? ಈ ಬಗೆಯ ಬರವಣಿಗೆಗೆ ಅಮೆರಿಕದ ನಟಿ ಡ್ರೂ ಬ್ಯಾರಿಮೋರ್ ಅವರ ಬದುಕು ಒಳ್ಳೆಯ ಮಾದರಿಯಾದ್ದರಿಂದ ಅವರನ್ನೇ ಇಟ್ಟುಕೊಂಡು ವಿವರಿಸುತ್ತೇನೆ.

ಮೊದಲು ಹಾಳೆಯೊಂದರಲ್ಲಿ ನಾಲ್ಕು ಅಂಕಣ ಎಳೆದುಕೊಳ್ಳಿ: ಚಿತ್ರೀಕರಣದ ಕಾಲ, ಬಿಡುಗಡೆಯ ಕಾಲ, ಆಗಿನ ವಯಸ್ಸು, ಟೈಟಲ್ ಕಾರ್ಡಿನಲ್ಲಿರುವ ಹುದ್ದೆ. ಮೊದಲೆರಡನ್ನು ಬೇರೆಬೇರೆ ಇಡುವುದು ಅತಿಯಾಯಿತೆಂದು ಕೆಲವರಿಗೆ ಅನ್ನಿಸಬಹುದು. ಆದರೆ ಬ್ಯಾರಿಮೋರ್ ಹುಟ್ಟಿದ್ದು 1975ರ ಫೆಬ್ರುವರಿ 22ರಂದು. ಅವರನ್ನು ಮನೆಮಾತಾಗಿಸಿದ ಸ್ಪೀಲ್‌ಬರ್ಗ್ ನಿರ್ದೇಶನದ ‘ಇ.ಟಿ.’ ಚಿತ್ರೀಕರಣಗೊಂಡಿದ್ದು 1981ರ ಕೊನೆಯ ತಿಂಗಳುಗಳಲ್ಲಿ, ತೆರೆಗೆ ಬಂದದ್ದು 1982ರ ಜೂನ್‌ನಲ್ಲಿ. ಹಾಗಾಗಿ ತೆರೆಯ ಮೇಲೆ ನಾವು ನೋಡುವುದು ಆರು ವರ್ಷದ ಮಗುವನ್ನು, ಪ್ರಸಿದ್ಧಿ ಬಂದದ್ದು ಏಳು ವರ್ಷದ ಮಗುವಿಗೆ. ಅದೇ ವರ್ಷದ ನವೆಂಬರ್ 20ರಂದು ‘ಸ್ಯಾಟರ್ಡೇ ನೈಟ್ ಲೈವ್’ ಎಂಬ ದೂರದರ್ಶನ ಕಾರ್ಯಕ್ರಮವನ್ನು ನಡೆಸಿಕೊಟ್ಟಾಗಲೂ ವಯಸ್ಸು ಏಳೇ. ಆ ಕಾರ್ಯಕ್ರಮದ ಅತಿ ಕಿರಿಯ ನಿರೂಪಕಿ ಎಂಬ ದಾಖಲೆ ಅವರದು. ವಯಸ್ಸಿನ ಅಂಕಣ ಕಣ್ಣೆದುರಿಗಿದ್ದರೆ ‘ಅವರು ಆ ಪಾತ್ರವನ್ನು ಆರಿಸಿಕೊಂಡರು’ ಎಂಬಂಥ ವಾಕ್ಯ ಕೈಯಿಂದ ಹೊರಡುವ ಮುನ್ನವೇ ನಿಲ್ಲುತ್ತದೆ.

ಇಲ್ಲೇ ಕನ್ನಡದಲ್ಲಿ ಬರೆಯುವವರಿಗೆ ಎದುರಾಗುವ ತೊಡಕೊಂದಿದೆ. ಆರು ವರ್ಷದ ಮಗುವನ್ನು ‘ಅವರು’ ಎಂದರೆ ಕೃತಕವಾಗುತ್ತದೆ, ‘ಅವಳು’ ಎಂದು ತೊಡಗಿದರೆ ಯಾವ ವಾಕ್ಯದಲ್ಲಿ ಬಹುವಚನಕ್ಕೆ ಬರಬೇಕೆಂದು ತಿಳಿಯುವುದಿಲ್ಲ. ಬಾಲ್ಯದ ಭಾಗದಲ್ಲಿ ‘ಮಗು’, ‘ಬಾಲಕಿ’ ಎಂಬ ನಾಮಪದಗಳಿಂದಲೇ ವಾಕ್ಯ ಕಟ್ಟಿ, ಸರ್ವನಾಮ ತಪ್ಪದಿದ್ದಲ್ಲಿ ‘ಅವರು’ ಎನ್ನುವುದು ನಾನು ಕಂಡುಕೊಂಡ ದಾರಿ.

ಹಣದ ವಿಚಾರಕ್ಕೆ ಬಂದಾಗ ಆಯಾ ನಾಡಿನ ಕಾನೂನನ್ನು ಓದಿಕೊಳ್ಳದೆ ಬರೆಯಬಾರದು. ಕ್ಯಾಲಿಫೋರ್ನಿಯಾದಲ್ಲಿ 1939ರಲ್ಲಿ ಬಂದ ಕಾಯ್ದೆಯನ್ನು ಜನ ಇಂದಿಗೂ ಕೂಗನ್ ಕಾಯ್ದೆ ಎಂದೇ ಕರೆಯುತ್ತಾರೆ. ಬಾಲನಟ ಜ್ಯಾಕಿ ಕೂಗನ್ ಪ್ರಾಯಕ್ಕೆ ಬಂದಾಗ ತನ್ನ ಗಳಿಕೆಯೆಲ್ಲ ಕರಗಿರುವುದನ್ನು ಕಂಡು, 1938ರಲ್ಲಿ ತಾಯಿ ಮತ್ತು ಮಲತಂದೆಯ ವಿರುದ್ಧ ದಾವೆ ಹೂಡಿದ್ದೇ ಅದಕ್ಕೆ ಕಾರಣ. ಮಗುವಿನ ಗಳಿಕೆ ಮಗುವಿಗೇ ಸೇರಿದ್ದು, ಅದರಲ್ಲಿ ಶೇ. 15ನ್ನು ಪ್ರತ್ಯೇಕ ಖಾತೆಯಲ್ಲಿ ಕಾದಿಡಬೇಕು ಎಂಬ ಬಿಗಿ ನಿಯಮ ಜಾರಿಗೆ ಬಂದದ್ದು 2000ದಲ್ಲಿ, ಅಂದರೆ ಬ್ಯಾರಿಮೋರ್ ಬಾಲನಟಿಯಾಗಿದ್ದ ಕಾಲಕ್ಕೆ ಅದಿನ್ನೂ ಇರಲಿಲ್ಲ. ಇಂದಿನ ನಿಯಮವನ್ನು ಅಂದಿನ ಮಗುವಿಗೆ ಹಚ್ಚಿ ಬರೆದ ಲೇಖನಗಳು ಬೇಕಾದಷ್ಟಿವೆ.

ಹದಿಮೂರರ ಹೊತ್ತಿಗೆ ಅವರು ವ್ಯಸನಮುಕ್ತಿ ಚಿಕಿತ್ಸೆ ಪಡೆದ ಸಂಗತಿಯನ್ನು ಬಿಡುವಂತಿಲ್ಲ. 1990ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಅವರೇ ಅದನ್ನು ಹೇಳಿಕೊಂಡಿದ್ದಾರೆ. ಆದರೆ ಅದಕ್ಕೆ ಎರಡು ವಾಕ್ಯ ಸಾಕು. ಓದುಗರ ಕುತೂಹಲ ಹೆಚ್ಚಿರುವುದು ಅಲ್ಲೇ ಆದ್ದರಿಂದ ಲೇಖನಗಳು ಅಲ್ಲೇ ಬೀಡುಬಿಡುತ್ತವೆ. ಅದಕ್ಕಿಂತ ಮಹತ್ವದ ಘಟನೆ ಮರುವರ್ಷದ್ದು: ಹದಿನಾಲ್ಕನೆಯ ವಯಸ್ಸಿನಲ್ಲಿ, ನ್ಯಾಯಾಲಯದ ಮೂಲಕ, ಹೆತ್ತವರ ಅಧೀನದಿಂದ ಕಾನೂನುಬದ್ಧವಾಗಿ ಬಿಡುಗಡೆ ಪಡೆದದ್ದು. ಒಪ್ಪಂದ ಪತ್ರಕ್ಕೆ ತನ್ನ ಸಹಿ ತಾನೇ ಹಾಕುವ ಅಧಿಕಾರ ಬಂದದ್ದು ಅಂದಿನಿಂದ. ನಿರ್ಮಾಪಕಿಯ ಕಥೆ ನನ್ನ ಮಟ್ಟಿಗೆ ತೊಡಗುವುದೂ ಅಲ್ಲಿಂದಲೇ.

1995ರಲ್ಲಿ, ಇಪ್ಪತ್ತನೆಯ ವಯಸ್ಸಿನಲ್ಲಿ, ಅವರು ನ್ಯಾನ್ಸಿ ಜುವೋನನ್ ಜೊತೆಗೂಡಿ ‘ಫ್ಲವರ್ ಫಿಲ್ಮ್ಸ್’ ಸಂಸ್ಥೆಯನ್ನು ಕಟ್ಟಿದರು. ಆ ಬ್ಯಾನರಿನ ಮೊದಲ ಚಿತ್ರ ‘ನೆವರ್ ಬೀನ್ ಕಿಸ್ಡ್’ ಬಂದದ್ದು 1999ರಲ್ಲಿ. ನಡುವಿನ ನಾಲ್ಕು ವರ್ಷಗಳನ್ನು ಬಹುತೇಕ ಲೇಖನಗಳು ಅಲ್ಪವಿರಾಮವೊಂದರಲ್ಲಿ ದಾಟಿಬಿಡುತ್ತವೆ. ನೀವು ಅಲ್ಲಿ ನಿಲ್ಲಿ. 1996ರ ‘ಸ್ಕ್ರೀಮ್’ನಲ್ಲಿ ನಾಯಕಿಯ ಪಾತ್ರ ಅವರ ಕೈಯಲ್ಲೇ ಇತ್ತು, ಅದನ್ನು ಬಿಟ್ಟು, ಮೊದಲ ದೃಶ್ಯದಲ್ಲೇ ಕೊಲೆಯಾಗುವ ಹುಡುಗಿಯ ಪಾತ್ರವನ್ನು ಅವರಾಗಿಯೇ ಕೇಳಿ ಪಡೆದರು. ಇಷ್ಟು ಹೆಸರಾದ ನಟಿಯೇ ಆರಂಭದಲ್ಲಿ ಸತ್ತರೆ ಮುಂದೆ ಯಾರೂ ಉಳಿಯುವ ಭರವಸೆ ಪ್ರೇಕ್ಷಕರಿಗಿರುವುದಿಲ್ಲ ಎಂಬ ಲೆಕ್ಕಾಚಾರ ಅದರ ಹಿಂದಿತ್ತು. ತನ್ನ ಪಾತ್ರದ ಉದ್ದ ಅಳೆಯುವುದನ್ನು ಬಿಟ್ಟು ಇಡೀ ಚಿತ್ರವನ್ನು ತೂಗಿ ನೋಡುವ ಆ ಬುದ್ಧಿಯೇ ನಿರ್ಮಾಪಕರದು.

ನಾಲ್ಕನೆಯ ಅಂಕಣದ ಬಗ್ಗೆ ನನಗಾದ ಫಜೀತಿಯನ್ನೂ ಹೇಳಬೇಕು. 1998ರ ‘ದಿ ವೆಡ್ಡಿಂಗ್ ಸಿಂಗರ್’ ಚಿತ್ರವನ್ನು ನಾನೊಮ್ಮೆ ಅವರ ಸಂಸ್ಥೆಯ ಲೆಕ್ಕಕ್ಕೆ ಸೇರಿಸಿ ಬರೆದಿದ್ದೆ. ಸಂಸ್ಥೆ ಆಗಲೇ ಇತ್ತು, ಚಿತ್ರ ಗೆದ್ದಿತ್ತು, ನಾಯಕಿ ಅವರೇ. ಆದರೆ ಅದರಲ್ಲಿ ಅವರು ನಟಿ ಮಾತ್ರ. ಟೈಟಲ್ ಕಾರ್ಡನ್ನು ನಿಲ್ಲಿಸಿ ಓದಿದ್ದರೆ ತಪ್ಪುತ್ತಿರಲಿಲ್ಲ. ‘ನೆವರ್ ಬೀನ್ ಕಿಸ್ಡ್’ನಲ್ಲಿ ಬ್ಯಾರಿಮೋರ್ ಕಾರ್ಯಕಾರಿ ನಿರ್ಮಾಪಕಿ, 2000ದ ‘ಚಾರ್ಲೀಸ್ ಏಂಜೆಲ್ಸ್’ನಲ್ಲಿ ನಿರ್ಮಾಪಕಿ. ದಿನನಿತ್ಯದ ಕೆಲಸದ ಹೊಣೆ ಹೊರುವವರು ನಿರ್ಮಾಪಕರು. ಹಣ, ಹೆಸರು, ಪ್ರಭಾವಗಳಿಂದ ಯೋಜನೆಯನ್ನು ಎತ್ತಿ ನಿಲ್ಲಿಸುವವರು ಸಾಮಾನ್ಯವಾಗಿ ಕಾರ್ಯಕಾರಿ ನಿರ್ಮಾಪಕರು. ಎರಡನ್ನೂ ‘ನಿರ್ಮಿಸಿದರು’ ಎಂಬ ಒಂದೇ ಕ್ರಿಯಾಪದದಲ್ಲಿ ಮುಚ್ಚಬೇಡಿ.

ಈ ವ್ಯತ್ಯಾಸವನ್ನು ತೋರಿಸಲು ಒಂದು ಚಿತ್ರವನ್ನಾದರೂ ಹತ್ತಿರದಿಂದ ಬಿಡಿಸಿಡಿ. 2001ರ ‘ಡಾನಿ ಡಾರ್ಕೋ’ಗೆ ರಿಚರ್ಡ್ ಕೆಲ್ಲಿ ಎಂಬ ಹೊಸ ನಿರ್ದೇಶಕ, ತನ್ನ ಚಿತ್ರಕಥೆಯನ್ನು ಬೇರೆಯವರಿಗೆ ಒಪ್ಪಿಸಲು ಆತ ಒಪ್ಪುತ್ತಿರಲಿಲ್ಲ. ಬ್ಯಾರಿಮೋರ್ ಕಾರ್ಯಕಾರಿ ನಿರ್ಮಾಪಕಿಯಾಗಿ ಬಂದು, ಶಾಲೆಯ ಶಿಕ್ಷಕಿಯ ಚಿಕ್ಕ ಪಾತ್ರವನ್ನೂ ತಾವೇ ವಹಿಸಿದ ಮೇಲೆ ಸುಮಾರು 45 ಲಕ್ಷ ಡಾಲರ್ ವೆಚ್ಚದಲ್ಲಿ, 28 ದಿನಗಳಲ್ಲಿ ಚಿತ್ರೀಕರಣ ಮುಗಿಯಿತು. ಚಿತ್ರಮಂದಿರಗಳಲ್ಲಿ ಅದು ಸೋತು, ಆಮೇಲೆ ಡಿವಿಡಿಯಲ್ಲಿ ತನ್ನ ನೋಡುಗರನ್ನು ಕಂಡುಕೊಂಡಿತು. ಸೋಲನ್ನು ಸೋಲೆಂದೇ ಬರೆಯಿರಿ.

2009ರ ‘ವಿಪ್ ಇಟ್’ ಚಿತ್ರದ ನಿರ್ದೇಶನ, 2010ರ ಗೋಲ್ಡನ್ ಗ್ಲೋಬ್ ಪ್ರಶಸ್ತಿ ಇವೆಲ್ಲ ಒಂದೊಂದು ಸಾಲಿಗೆ ಸಾಕು. ಆದರೆ 2020ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಅವರ ದೂರದರ್ಶನ ಸಂವಾದ ಕಾರ್ಯಕ್ರಮವನ್ನು ಮೆಚ್ಚುಗೆಯ ಮಾತಿನಲ್ಲಿ ತೇಲಿಸಿಬಿಡಬೇಡಿ. 2023ರಲ್ಲಿ ಚಿತ್ರಕಥೆಗಾರರ ಮುಷ್ಕರ ನಡೆಯುತ್ತಿರುವಾಗಲೇ ಕಾರ್ಯಕ್ರಮವನ್ನು ಮತ್ತೆ ಆರಂಭಿಸುವುದಾಗಿ ಪ್ರಕಟಿಸಿದ ಅವರು, ಕಟು ಟೀಕೆ ಬಂದ ಮೇಲೆ ಕೆಲವೇ ದಿನಗಳಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡರು. ಅದನ್ನೂ ಹಾಳೆಯಲ್ಲಿ ಗುರುತು ಹಾಕಿಕೊಳ್ಳಿ: ವಯಸ್ಸು 48, ಹುದ್ದೆ ನಿರೂಪಕಿ ಮತ್ತು ಕಾರ್ಯಕಾರಿ ನಿರ್ಮಾಪಕಿ.