ಬಾಯಿ ತೆರೆಯದವರ ಹಲ್ಲಿನ ಎಕ್ಸ್‌ರೇ: ಸೆನ್ಸರ್ ಕೆನ್ನೆಯ ಹೊರಗಿಟ್ಟ ನನ್ನ ಅನುಭವ

ನನ್ನ ಕ್ಲಿನಿಕ್ ಮಹಾಲಿಂಗಪುರದಲ್ಲಿದೆ. ಕಬ್ಬಿನ ಹಂಗಾಮು ಶುರುವಾದರೆ ಟ್ರ್ಯಾಕ್ಟರ್ ಡ್ರೈವರ್‌ಗಳು, ಗಾಣದ ಆಳುಗಳು, ಬೆಲ್ಲದ ಪೇಟೆಯ ಹಮಾಲರು ಬೆಳಿಗ್ಗೆಯಿಂದಲೇ ಬಂದು ಕೂರುತ್ತಾರೆ. ಹತ್ತು ಜನರಲ್ಲಿ ಇಬ್ಬರು ಮೂವರ ಬಾಯಿ ಪೂರ್ತಿ ತೆರೆಯುವುದಿಲ್ಲ. 2013ರಲ್ಲೇ ನಮ್ಮ ರಾಜ್ಯದಲ್ಲಿ ಗುಟ್ಕಾ ನಿಷೇಧ ಆಯಿತು. ಈಗ ಪಾನ್ ಮಸಾಲಾ ಒಂದು ಪಾಕೀಟು, ತಂಬಾಕು ಇನ್ನೊಂದು ಪಾಕೀಟು. ಅಂಗೈಯಲ್ಲಿ ಕಲೆಸಿ ಬಾಯಿಗೆ ಹಾಕಿಕೊಳ್ಳುತ್ತಾರೆ. ಅದರೊಳಗಿನ ಅಡಿಕೆ ಕೆನ್ನೆ ಬಿಗಿ ಮಾಡೋ ಕೆಲಸ ಮಾತ್ರ ಅದೇ. ಕೆನ್ನೆಯ ಒಳಗೆ ಬೆರಳಿಟ್ಟರೆ ಹಗ್ಗ ಬಿಗಿದಂಥ ಪಟ್ಟಿ ಸಿಗುತ್ತದೆ.

ಮೂರು ಬೆರಳು ಹೋಗಬೇಕಾದ ಬಾಯಿಗೆ ಒಂದೂವರೆ ಬೆರಳು ಹೋಗುತ್ತದೆ. ಅಂಥ ಬಾಯಿಯಲ್ಲಿ ಕೆಳಗಿನ ದವಡೆ ಹಲ್ಲಿನ ಹಿಂದೆ ಆರ್‌ವಿಜಿ ಸೆನ್ಸರ್ (ಫಿಲ್ಮ್ ಬದಲು ಎಕ್ಸ್‌ರೇ ಚಿತ್ರ ಹಿಡಿದು ಸ್ಕ್ರೀನಿಗೆ ಕಳಿಸುವ ಸಾಧನ) ಕೂರಿಸುವುದು ಹೇಗೆ? ಫಿಲ್ಮ್ ಆದರೆ ಸ್ವಲ್ಪ ಬಗ್ಗುತ್ತಿತ್ತು. ಸೆನ್ಸರ್ ಅಂದರೆ ಬಿಸ್ಕತ್ತಿನ ದಪ್ಪದ ಗಟ್ಟಿ ತುಂಡು. ಮೂಲೆ ಒತ್ತಿದರೆ ಪೇಶಂಟ್ ಕಣ್ಣಲ್ಲಿ ನೀರು ಬರುತ್ತದೆ.

ಎಲ್ಲರೂ ಹೇಳುತ್ತಿದ್ದದ್ದು ಒಂದೇ: ಓಪಿಜಿಗೆ, ಅಂದರೆ ಇಡೀ ದವಡೆಯ ಎಕ್ಸ್‌ರೇಗೆ, ಕಳಿಸಿಬಿಡಿ. ನಾನೂ ಮೂರು ನಾಲ್ಕು ವರ್ಷ ಕಳಿಸಿದೆ. ಬಸ್ ಚಾರ್ಜು, ಓಪಿಜಿಗೆ ನಾನೂರು ರೂಪಾಯಿ, ಒಂದು ದಿನದ ಕೂಲಿ ಎಲ್ಲ ಸೇರಿದರೆ ಸಾವಿರ ದಾಟುತ್ತದೆ. ಚೀಟಿ ತಗೊಂಡು ಹೋದವರಲ್ಲಿ ಅರ್ಧ ಜನ ವಾಪಸ್ ಬರಲೇ ಇಲ್ಲ. ಬಂದರೂ ಓಪಿಜಿಯಿಂದ ನನ್ನ ಮುಖ್ಯ ಕೆಲಸ ಆಗುತ್ತಿರಲಿಲ್ಲ. ರೂಟ್ ಕೆನಾಲ್ ಮಾಡುವಾಗ ಕೆನಾಲ್ (ಬೇರಿನ ಕೊಳವೆ) ಒಳಗೆ ಫೈಲ್ ಎಂಬ ಸೂಜಿಯಂಥ ಸಾಧನ ಇಟ್ಟು ಅದು ಬೇರಿನ ತುದಿ ಮುಟ್ಟಿದೆಯೋ ಇಲ್ಲವೋ ನೋಡಬೇಕು ಅಂದರೆ ಕುರ್ಚಿಯಲ್ಲೇ ಎಕ್ಸ್‌ರೇ ಬೇಕು. ಬೇರಿನ ತುದಿ ಎಲ್ಲಿದೆ ಅಂತ ಅಳೆದು ಹೇಳುವ ಅಪೆಕ್ಸ್ ಲೊಕೇಟರ್ ಇದೆ, ನಿಜ. ಆದರೆ ಕಣ್ಣಾರೆ ನೋಡದೆ ತುಂಬುವ ಧೈರ್ಯ ನನಗಿಲ್ಲ.

ಸೆನ್ಸರನ್ನು ಕೆನ್ನೆಯ ಹೊರಗಿಟ್ಟು ಎದುರು ಕಡೆಯಿಂದ ಎಕ್ಸ್‌ರೇ ಬಿಡುವ ಪದ್ಧತಿ ನಾನು ಕಂಡುಹಿಡಿದದ್ದಲ್ಲ. ನ್ಯೂಮನ್ ಮತ್ತು ಫ್ರೀಡ್‌ಮನ್ ಎಂಬ ಇಬ್ಬರು 2003ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಬಾಗಲಕೋಟೆಯಲ್ಲಿ ನಮ್ಮ ಹಲ್ಲಿನ ಡಾಕ್ಟರುಗಳೆಲ್ಲ ಸೇರಿದ್ದಾಗ ಇದನ್ನು ಮಾಡುತ್ತೇನೆ ಅಂದೆ. "ಮಂಜು ಮಂಜು ಬರ್ತೈತಿ, ಸುಮ್ನೆ ಟೈಮ್ ವೇಸ್ಟ್" ಅಂದರು ಒಬ್ಬ ಹಿರಿಯರು. ಇನ್ನೊಬ್ಬರು ಪೇಶಂಟ್ ಮೇಲೆ ಬೀಳುವ ವಿಕಿರಣದ ಡೋಸ್ ಜಾಸ್ತಿ ಆಗುತ್ತದೆ ಅಂದರು. ಅದು ಸರಿಯಾದ ಮಾತು. ಹಾಗಾಗಿಯೇ ಪೇಶಂಟ್ ಮೇಲೆ ಕಲಿಯುವುದು ಬೇಡ ಅಂತ ಮಟನ್ ಅಂಗಡಿಯಿಂದ ಕುರಿ ದವಡೆ ತರಿಸಿದೆ. ಮೂವತ್ತು ರೂಪಾಯಿ ಕೊಟ್ಟ ನೆನಪು. ಕೆನ್ನೆಯ ಬದಲಿಗೆ ಎರಡು ಬೆರಳು ದಪ್ಪ ಮೇಣದ ಹಾಳೆ ಸುತ್ತಿದೆ. ಹದಿನೈದು ದಿನ ರಾತ್ರಿ ಕ್ಲಿನಿಕ್ ಮುಚ್ಚಿದ ಮೇಲೆ ಇದೇ ಕೆಲಸ.

ಮೊದಲ ಚಿತ್ರಗಳು ಮರಳು ಚೆಲ್ಲಿದ ಹಾಗೆ ಬಂದವು. ಸೆನ್ಸರ್ ಬಾಯೊಳಗಿದ್ದಾಗ 0.2 ಸೆಕೆಂಡ್ ಕಿರಣ ಕೊಡುತ್ತಿದ್ದೆ, ಇಲ್ಲಿಗೆ ಅದು ಸಾಲಲಿಲ್ಲ. ಈಗ ನನ್ನ 70 ಕೆವಿ ಮಶೀನಿನಲ್ಲಿ ಸುಮಾರು 0.5ಕ್ಕೆ ನಿಂತಿದ್ದೇನೆ. ಕೆನ್ನೆ ತುಂಬಿಕೊಂಡವರಿಗೆ 0.6. ಆಮೇಲೆ ಎರಡೂ ಕಡೆಯ ಹಲ್ಲು ಒಂದರ ಮೇಲೊಂದು ಕೂತು ಗೋಜಲಾಯಿತು. ತಲೆಯನ್ನು ಸೆನ್ಸರ್ ಇರುವ ಕಡೆ ವಾಲಿಸಿ, ಗದ್ದ ಮೇಲೆತ್ತಿಸಿ, ಎದುರು ದವಡೆಯ ಕೆಳಗಿನಿಂದ ಮಶೀನಿನ ಕೋನ್ (ಕಿರಣ ಹೊರಬರುವ ಕೊಳವೆ) ಮೇಲ್ಮುಖ ಮಾಡಿದಾಗ ಅದು ಬಿಡಿಸಿಕೊಂಡಿತು. ಎಷ್ಟು ಡಿಗ್ರಿ ಅಂತ ಬಹಳ ಜನ ಫೋನ್ ಮಾಡಿ ಕೇಳುತ್ತಾರೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಒಂದು ಕುರಿ ದವಡೆ ತಗೊಂಡು ಕೂತರೆ ನಿಮ್ಮ ಮಶೀನಿಗೆ ಹೊಂದುವ ಕೋನ ನಿಮಗೇ ಸಿಗುತ್ತದೆ, ನನಗೆ ಸಿಕ್ಕಿದ್ದೂ ಹಾಗೆಯೇ.

ಮನುಷ್ಯರ ಮೇಲೆ ಮೊದಲ ಸಲ ತೆಗೆದಾಗ ಕೆಳಗಿನ ಅರ್ಧ ಬರೀ ಬಿಳಿ. ಸೆನ್ಸರ್ ಹಾಳಾಯಿತು ಅಂತ ಎದೆ ಝಲ್ ಅಂದಿತು. ನೋಡಿದರೆ ಕುತ್ತಿಗೆಯ ರಕ್ಷಣೆಗೆ ಕಟ್ಟುವ ಥೈರಾಯ್ಡ್ ಕಾಲರ್ ಕಿರಣಕ್ಕೆ ಅಡ್ಡ ಬಂದಿತ್ತು. ಈಗ ಕಾಲರನ್ನು ತೆಗೆಯುವುದಿಲ್ಲ, ಒಂದು ಮಡಿಕೆ ಮಡಚಿ ಕೆಳಗೆ ಇಳಿಸಿ ಕಟ್ಟುತ್ತೇನೆ. ಏಪ್ರನ್ ಅಂತೂ ಇದ್ದೇ ಇರುತ್ತದೆ.

ಸೆನ್ಸರ್ ಹಿಡಿಯುವುದು ಇನ್ನೊಂದು ತಲೆನೋವು. ಪೇಶಂಟ್ ಬೆರಳಿಂದ ಹಿಡಿದರೆ ನಡುಗುತ್ತದೆ. ಅಸಿಸ್ಟೆಂಟ್ ಕೈಯಲ್ಲಿ ಹಿಡಿಸುವುದನ್ನು ನಾನು ಒಪ್ಪುವುದಿಲ್ಲ, ದಿನಕ್ಕೆ ಹತ್ತು ಎಕ್ಸ್‌ರೇ ಅಂದರೆ ಆ ಹುಡುಗಿಯ ಬೆರಳಿನ ಗತಿ ಏನು? ಬನಹಟ್ಟಿಯಿಂದ ಲಂಗಕ್ಕೆ ಹಾಕುವ ಅಗಲ ಎಲಾಸ್ಟಿಕ್ ತಂದೆ. ಟೇಲರ್ ಹತ್ತಿರ ಒಂದು ಸಣ್ಣ ಜೇಬು ಹೊಲಿಸಿದೆ. ಎಲ್ಲ ಸೇರಿ ಎಪ್ಪತ್ತು ರೂಪಾಯಿ. ತಲೆಯಿಂದ ಗದ್ದದವರೆಗೆ ಸುತ್ತಿದರೆ ಸೆನ್ಸರ್ ಅಲ್ಲಾಡುವುದಿಲ್ಲ. ಜೇಬು ಎಲ್ಲಿ ಬರಬೇಕು ಅಂತ ಕಾಡಿಗೆ ಪೆನ್ಸಿಲಿನಿಂದ ಕೆನ್ನೆ ಮೇಲೆ ಚುಕ್ಕೆ ಇಡುತ್ತೇನೆ. ಸೆನ್ಸರಿನ ಕೆಳ ಅಂಚು ದವಡೆ ಮೂಳೆಯ ಕೆಳ ಅಂಚಿಗೆ ಸಮ ಇರಬೇಕು.

ಈಗ ಮುಖ್ಯವಾದ ಮಾತು. ಹೊರಗಿಟ್ಟು ತೆಗೆದ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುವಾಗಿ ಬರುತ್ತದೆ. ನನಗೆ ಗೊತ್ತಿತ್ತು, ಆದರೂ ಒಂದು ಸಲ ತಪ್ಪಿದೆ. ಒಬ್ಬ ಟ್ರ್ಯಾಕ್ಟರ್ ಡ್ರೈವರ್, ಕೆಳಗಿನ ಬಲ ದವಡೆ. ಸೆನ್ಸರಿನಲ್ಲಿ ಎರಡೇ ಹಲ್ಲು ಕಾಣುತ್ತಿದ್ದವು. ಸೋಂಕಿನ ಗುರುತಾದ ಬೇರಿನ ತುದಿಯ ಕಪ್ಪು ಸ್ಕ್ರೀನಿನಲ್ಲಿ ಮುಂದಿನ ಹಲ್ಲಿಗೆ ಇತ್ತು. ಇಂಜೆಕ್ಷನ್ ಕೊಟ್ಟಾಗಿತ್ತು, ತಟ್ಟಿ ನೋಡಿದರೂ ಇನ್ನು ಗೊತ್ತಾಗುವಂತಿರಲಿಲ್ಲ. ಕೊರೆಯುವ ಬರ್ ಹಲ್ಲಿಗೆ ಮುಟ್ಟಿಸುವಷ್ಟರಲ್ಲಿ ನನ್ನ ಅಸಿಸ್ಟೆಂಟ್ ತೋಳು ಹಿಡಿದಳು. "ಅಕ್ಕಾರ, ಬೆಳ್ಳಿ ತುಂಬಿದ ಹಲ್ಲು ಸ್ಕ್ರೀನಿನ್ಯಾಗ ಹಿಂದೈತ್ರಿ, ಬಾಯಾಗ ಮುಂದೈತಿ." ನನ್ನ ಕೈ ತಣ್ಣಗಾಯಿತು. ಅವಳು ನೋಡದಿದ್ದರೆ ಗಟ್ಟಿ ಹಲ್ಲಿಗೆ ತೂತು ಬೀಳುತ್ತಿತ್ತು. ಅವತ್ತಿನಿಂದ ಸೆನ್ಸರ್ ಕವರಿನ ಮುಂದಿನ ಅಂಚಿಗೆ ಒಂದು ಚಿಕ್ಕ ತಂತಿ ಅಂಟಿಸುತ್ತೇನೆ. ತಂತಿ ಮುಖದ ಮುಂಭಾಗಕ್ಕೆ ಬರುವಂತೆ ಚಿತ್ರವನ್ನು ಎಡ-ಬಲ ಅದಲುಬದಲಾಗಿ (ಫ್ಲಿಪ್) ತಿರುಗಿಸಬೇಕು. ಸೇವ್ ಮಾಡುವ ಮೊದಲೇ ತಿರುಗಿಸುತ್ತೇನೆ, ಆಮೇಲೆ ಅಂತ ಬಿಡುವುದಿಲ್ಲ.

ಇದರ ಬೆನ್ನು ಹತ್ತಿದಾಗ ಇನ್ನೊಂದು ಹೊಳೆಯಿತು. ಕ್ಲಾರ್ಕ್ ನಿಯಮ ಹಲ್ಲಿನ ಡಾಕ್ಟರುಗಳಾದ ನಮಗೆಲ್ಲ ಬಾಯಿಪಾಠ: ಎಕ್ಸ್‌ರೇ ಟ್ಯೂಬ್ ಸರಿಸಿ ಇನ್ನೊಂದು ಚಿತ್ರ ತೆಗೆದರೆ, ಟ್ಯೂಬ್ ಸರಿದ ಕಡೆಗೇ ನಾಲಿಗೆ ಕಡೆಯದು ಸರಿಯುತ್ತದೆ, ಕೆನ್ನೆ ಕಡೆಯದು ಎದುರಿಗೆ. ಇಲ್ಲಿ ಕಿರಣ ನಾಲಿಗೆ ಕಡೆಯಿಂದ ಬರುತ್ತದೆ, ಸೆನ್ಸರ್ ಕೆನ್ನೆ ಕಡೆ ಇರುತ್ತದೆ. ಹಾಗಾದರೆ ನಿಯಮ ಉಲ್ಟಾ ಆಗಬೇಕಲ್ವಾ? ಕುರಿ ದವಡೆಯ ಕೆನ್ನೆ ಬದಿಗೆ ತಾಮ್ರದ ತಂತಿ, ನಾಲಿಗೆ ಬದಿಗೆ ಜಿಪಿ ಪಾಯಿಂಟ್ (ಬೇರು ತುಂಬಲು ಬಳಸುವ ರಬ್ಬರಿನಂಥ ಸಣ್ಣ ಕಡ್ಡಿ) ಅಂಟಿಸಿ ಟ್ಯೂಬ್ ಸರಿಸಿ ನೋಡಿದೆ. ಚಿತ್ರ ನೆಟ್ಟಗೆ ಮಾಡಿ ನೋಡಿದರೆ ತಾಮ್ರವೇ ಟ್ಯೂಬ್ ಜೊತೆ ಹೋಯಿತು. ಇದನ್ನು ನಾನೇ ಕೂತು ಬಿಡಿಸಿದೆ ಅನ್ನುವ ಹೆಮ್ಮೆ ನನಗಿದೆ. ಎರಡು ಕೆನಾಲ್ ಒಟ್ಟಿಗೆ ಕಂಡಾಗ ಇದು ಗೊತ್ತಿಲ್ಲದಿದ್ದರೆ ಫೈಲ್ ಯಾವುದರಲ್ಲಿದೆ ಅಂತ ತಪ್ಪು ಓದುತ್ತೀರಿ.

ದುಡ್ಡಿನ ವಿಷಯ. ಗೋಡೆಗೆ ಹಾಕಿದ ಎಕ್ಸ್‌ರೇ ಮಶೀನು ಸೆಕೆಂಡ್ ಹ್ಯಾಂಡ್, ನಲವತ್ತೈದು ಸಾವಿರ. ಎಇಆರ್‌ಬಿ (ಪರಮಾಣು ಶಕ್ತಿ ನಿಯಂತ್ರಣ ಮಂಡಳಿ) ನೋಂದಣಿ ನನ್ನ ಹೆಸರಿಗೆ ಮಾಡಿಸಿಕೊಂಡ ಮೇಲೆಯೇ ಮುಟ್ಟಿದೆ. ಮೊದಲ ಸೆನ್ಸರ್ ಒಂದು ಲಕ್ಷ ಹತ್ತು ಸಾವಿರದ ಹತ್ತಿರ. ಹದಿನಾಲ್ಕು ತಿಂಗಳಿಗೆ ಕೇಬಲ್ ಸೆನ್ಸರಿಗೆ ಸೇರುವ ಕಡೆ ಮುರಿಯಿತು. ಬಿಗಿ ಬಾಯಿಯೊಳಗೆ ತುರುಕಿ ತುರುಕಿ ಆದದ್ದೇ ಅದು. ಗ್ಯಾರಂಟಿ ಒಂದೇ ವರ್ಷ. ಮಾರಿದವರು ಫೋನ್ ಎತ್ತುವುದನ್ನೇ ಬಿಟ್ಟರು. ಎರಡನೆಯದು ಎಂಬತ್ತೈದು ಸಾವಿರ, ಕಂತಿನ ಮೇಲೆ ತಂದೆ. ಇದು ಮೂರನೇ ವರ್ಷ, ಕೇಬಲ್ ಗಟ್ಟಿಯಾಗಿದೆ. ಕೆನ್ನೆ ಹೊರಗೆ ಇಟ್ಟರೆ ಅದನ್ನು ಕಚ್ಚುವವರು ಯಾರಿದ್ದಾರೆ! ಓಪಿಜಿ ಮಶೀನಿಗೆ ಕೊಟೇಶನ್ ತರಿಸಿದ್ದೆ, ಹನ್ನೆರಡು ಲಕ್ಷ ಅಂದರು. ನಮ್ಮಂಥ ಊರಿನಲ್ಲಿ ಆ ಕಂತು ದುಡಿಯುವುದಿಲ್ಲ. ನಾನು ಒಂದು ಚಿತ್ರಕ್ಕೆ ನೂರೈವತ್ತು ತಗೊಳ್ಳುತ್ತೇನೆ. ಹೋದ ಹಂಗಾಮಿನಲ್ಲಿ ಇಂಥ ಬಾಯಿಗಳಲ್ಲಿ ಅರವತ್ತರ ಹತ್ತಿರ ರೂಟ್ ಕೆನಾಲ್ ಆದವು. ಮೊದಲಾದರೆ ಅವೆಲ್ಲ ಕೀಳಿಸಿಕೊಳ್ಳುತ್ತಿದ್ದ ಹಲ್ಲುಗಳು.

ನಡುವೆ ಒಂದು ಬೇರೆ ಕೇಸು ಹೇಳಲೇಬೇಕು. ಒಬ್ಬ ನೇಕಾರರ ಹೆಂಡತಿ, ಗದ್ದದ ಕೆಳಗೆ ಗುಳ್ಳೆ. ಎಂಟು ತಿಂಗಳು ಮುಲಾಮು ಹಚ್ಚಿದ್ದರು, ಒಮ್ಮೆ ಕೊಯ್ಸಿಯೂ ಆಗಿತ್ತು. ಹಲ್ಲು ನೋವೇ ಇಲ್ಲ. ಗುಳ್ಳೆಯ ಬಾಯಿಗೆ 30 ನಂಬರಿನ ಜಿಪಿ ಪಾಯಿಂಟ್ ಮೆಲ್ಲಗೆ ಬಿಟ್ಟೆ. ಅದು ತಾನಾಗಿ ಒಂದು ಇಂಚು ಒಳಗೆ ಜಾರಿತು. ಎಕ್ಸ್‌ರೇಯಲ್ಲಿ ಬಿಳಿ ಗೆರೆ ನೇರ ಹೋಗಿ ಕೆಳಗಿನ ಮುಂದಿನ ಹಲ್ಲಿನ ಬೇರಿನ ತುದಿಗೆ ನಿಂತಿತ್ತು. ಆಕೆ ಸ್ಕ್ರೀನ್ ನೋಡಿ "ಇಷ್ಟ ದಿನಾ ಇದೇ ಏನ್ರೀ ಅಕ್ಕಾರ?" ಅಂತ ಅತ್ತುಬಿಟ್ಟರು. ರೂಟ್ ಕೆನಾಲ್ ಮಾಡಿದ ಮೂರು ವಾರಕ್ಕೆ ಗುಳ್ಳೆ ಒಣಗಿತು.

ಮತ್ತೆ ನಮ್ಮ ವಿಷಯಕ್ಕೆ. ಕೆಳಗಿನ ದವಡೆ ಹಲ್ಲುಗಳು ಹತ್ತರಲ್ಲಿ ಒಂಬತ್ತು ಸಲ ಮೊದಲ ಏಟಿಗೇ ಬರುತ್ತವೆ. ಮಂಜು ಅಂದಿದ್ದ ಹಿರಿಯರು ಹೋದ ತಿಂಗಳು ಬಂದು ಒಂದು ಮಧ್ಯಾಹ್ನ ಪೂರ್ತಿ ಕೂತು ನೋಡಿದರು, ಎಲಾಸ್ಟಿಕ್ಕಿನ ಫೋಟೋ ತೆಗೆದುಕೊಂಡು ಹೋದರು. ಮೇಲಿನ ಎರಡನೇ ದವಡೆ ಹಲ್ಲು ಮಾತ್ರ ಇನ್ನೂ ಕೈಗೆ ಹತ್ತಿಲ್ಲ. ಕೆನ್ನೆ ಮೂಳೆ ಬೇರಿನ ಮೇಲೆಯೇ ಬಂದು ಕೂರುತ್ತದೆ. ಈಗ ಸೆನ್ಸರನ್ನು ಒಂದು ಬೆರಳು ಹಿಂದೆ ಸರಿಸಿ, ತಲೆ ಇನ್ನೊಂಚೂರು ತಿರುಗಿಸಿ ನೋಡುತ್ತಿದ್ದೇನೆ. ಅದಕ್ಕೆ ಹೊಸ ದವಡೆ ತರಿಸಿದ್ದೇನೆ, ಈ ಸಲ ಮೇಲಿನದು.